ನೀರಿನ ಪಾಳಿ

ಬಡಗಿಯ ಹಲ್ಲು ಮೆಟ್ಟಿಲಿಂದ ಮೆಟ್ಟಿಲಿಗೆ ಉರುಳಿಕೊಂಡು ಹೋದದ್ದು ಕೆಳಗಿನ ಮನೆಯವರಿಗೂ ಕೇಳಿಸಿತು. ಅಷ್ಟು ಹೊತ್ತಿಗೆ ಚೂರಿಯಣ್ಣ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಇನ್ನೊಂದು ಸಲ ಅಪ್ಪಳಿಸಿಯಾಗಿತ್ತು. ಬಡಗಿಯ ಬಲಗೈಯಲ್ಲಿ ಸುತ್ತಿಗೆ ಇತ್ತು. ಅದನ್ನು ಎತ್ತಿ ಬೀಸಬಹುದು ಎನ್ನುವುದು ಅವನ ತಲೆಗೇ ಬರಲಿಲ್ಲ. ಅಂಥ ಮನುಷ್ಯ ಅವನು. ಬೆಳಗ್ಗೆಯೆಲ್ಲ ಇನ್ನೊಬ್ಬರ ಬಾಗಿಲು ಕಿಟಕಿಗಳಿಗೆ ಮೊಳೆ ಹೊಡೆದು, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಒಂದಿಷ್ಟು ಹೊತ್ತು ತನ್ನ ಖುಷಿಗೆಂದು ಪಾರಿವಾಳದ ಗೂಡು ಮಾಡಿಕೊಳ್ಳುತ್ತಿದ್ದ. ಅದೇ ಅವನ ವಿಶ್ರಾಂತಿ. ಆ ವಿಶ್ರಾಂತಿ ಕೆಳಗಿನ ಮಹಡಿಯಲ್ಲಿ ಮಲಗಿದ್ದ ಚೂರಿಯಣ್ಣನ ವಿಶ್ರಾಂತಿಯ ನೆತ್ತಿಯ ಮೇಲೆ ಬಡಿಯುತ್ತಿತ್ತು.

"ಮಲಗಿರೋ ಹೊತ್ತಲ್ಲಿ ಮೊಳೆ ಹೊಡೀತೀಯಾ? ಹೊಡಿ ಈಗ. ನನ್ನ ತಲೆಗೇ ಹೊಡಿ."

"ಅಣ್ಣಾ, ಬಿಡಣ್ಣ... ಗೊತ್ತಾಗಲಿಲ್ಲ..."

ಬಾಯಿಯಲ್ಲಿ ರಕ್ತ ತುಂಬಿಕೊಂಡಿದ್ದರಿಂದ ಮಾತು ಅರ್ಧಕ್ಕರ್ಧ ಉಗುಳಿನಲ್ಲೇ ಹೋಯಿತು. ಚೂರಿಯಣ್ಣ ಕೈ ಬಿಟ್ಟ, ಆದರೆ ಬಡಗಿಯನ್ನು ಬಿಟ್ಟದ್ದು ಗೂಡನ್ನು ಹಿಡಿಯುವುದಕ್ಕೆ. ಅರ್ಧ ಮುಗಿದಿದ್ದ ಪುಟ್ಟ ಪುಟ್ಟ ಬಾಗಿಲಿನ ಆ ಗೂಡನ್ನು ಕಾಲಿನಲ್ಲಿ ತುಳಿದು ತುಳಿದು ಸೌದೆ ಮಾಡಿದ. ಚೂರಿಯಣ್ಣನ ಹೆಂಡತಿ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಓಡಿ ಬಂದು ಅವನ ಸೊಂಟ ಹಿಡಿದು ಜಗ್ಗಿದಳು. ಅವನ ಅಂಗಿಯ ತುಂಬ ಹಿಟ್ಟಿನ ಬೆರಳುಗಳು ಮೂಡಿದವು.

"ಬನ್ನಿ, ಬಂದು ಮಲಗಿಕೊಳ್ಳಿ. ನಿಮಗೆ ನಿದ್ದೆ ಸಾಲಲಿಲ್ಲ, ಅದಕ್ಕೇ ಹೀಗೆ," ಎಂದಳು ಅವಳು. ಆ ಕಟ್ಟಡದಲ್ಲಿ ಎಲ್ಲರೂ ಅದನ್ನೇ ಹೇಳುತ್ತಿದ್ದರು. ಅವನಿಗೆ ನಿದ್ದೆ ಸಾಲುತ್ತಿಲ್ಲ ಪಾಪ. ಬಡಗಿಗೆ ಪಾಪ ಎಂದವರು ಆ ಹೊತ್ತಿನಲ್ಲಿ ಯಾರೂ ಇರಲಿಲ್ಲ.

ಕೆಳಗಿನ ಮೆಟ್ಟಿಲಲ್ಲಿ ಚೂರಿಯಣ್ಣನ ಮಗಳು ಶಾಲೆಯ ಚೀಲ ಹೊತ್ತು ನಿಂತಿದ್ದಳು. ಹಲ್ಲು ಬಂದು ಅವಳ ಕಾಲ ಬಳಿ ನಿಂತಿತು. ಅವಳು ಅದನ್ನು ಎತ್ತಿ, ಅತ್ತಿತ್ತ ನೋಡಿ, ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಳು.

ಚೂರಿಯಣ್ಣನ ಕೆಲಸ ಕಸಾಯಿಖಾನೆಯಲ್ಲಿ. ಅಲ್ಲಿ ನಸುಕಿಗೇ ಶುರುವಾಗಿ ಬಿಸಿಲೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಸೊಂಟದೆತ್ತರದ ಎರಡು ಗೋಡೆಗಳ ನಡುವೆ ಒಂದು ಇಕ್ಕಟ್ಟಾದ ಓಣಿ. ಕುರಿಗಳು ಅದರಲ್ಲಿ ಒಂದರ ಹಿಂದೊಂದು ಬರುತ್ತವೆ. ಓಣಿ ಮುಗಿಯುವಲ್ಲಿ ನಿಂತಿರುವವನನ್ನು ಮೊದಲ ಚೂರಿ ಎನ್ನುತ್ತಾರೆ. ಅವನು ಕೊಯ್ದದ್ದನ್ನು ಮುಂದಿನವರು ಕೊಕ್ಕೆಗೆ ಏರಿಸುತ್ತಾರೆ, ಸುಲಿಯುತ್ತಾರೆ, ತುಂಡು ಮಾಡುತ್ತಾರೆ. ಎಲ್ಲರ ಹಿಂದೆ ನೀರಿನವರು. ನೆಲ, ಕೊಕ್ಕೆ, ಕರುಳು, ಚರಂಡಿ, ಎಲ್ಲವನ್ನೂ ತೊಳೆಯುವುದು ಅವರ ಪಾಲು.

ಮೊದಲ ಚೂರಿಯಾಗಿ ಅವನಂಥವನು ಇನ್ನೊಬ್ಬನಿರಲಿಲ್ಲ. ಎಡಗೈ ದವಡೆಯ ಕೆಳಗೆ, ಹೆಬ್ಬೆರಳು ಕಿವಿಯ ಹಿಂದೆ, ಮೊಣಕಾಲು ಪಕ್ಕೆಯ ಮೇಲೆ. ಕುರಿಯ ಮುಖವನ್ನು ಆಚೆ ತಿರುಗಿಸಿ ಒಂದೇ ಎಳೆತ. ಹೊಸಬರು ಕೊಯ್ದರೆ ಕುರಿ ಒದ್ದಾಡುತ್ತದೆ, ಕೂಗುತ್ತದೆ, ಆ ಕೂಗಿಗೆ ಓಣಿಯಲ್ಲಿರುವವು ಬೆದರಿ ಒಂದರ ಮೇಲೊಂದು ಹತ್ತುತ್ತವೆ. ಚೂರಿಯಣ್ಣನ ಕೈಯಲ್ಲಿ ಯಾವ ಕುರಿಯೂ ಕೂಗುತ್ತಿರಲಿಲ್ಲ. ಹೀಗೆಂದು ಅವನು ಎದೆ ತಟ್ಟಿಕೊಳ್ಳುತ್ತಿದ್ದ. ತಟ್ಟಿಕೊಳ್ಳಲಿ, ಸುಳ್ಳೇನಲ್ಲ.

ಆ ಜಾಗದಲ್ಲಿ ಒಂದು ಪದ್ಧತಿಯಿತ್ತು. ಒಂದು ತಿಂಗಳು ಮೊದಲ ಚೂರಿ ಹಿಡಿದವನು ಮರುತಿಂಗಳು ಚೂರಿ ಕೆಳಗಿಟ್ಟು ನೀರಿನ ಪಾಳಿಗೆ ಹೋಗಬೇಕು. ಯಾರು ಮಾಡಿದ ಪದ್ಧತಿಯೋ, ಯಾಕೆ ಮಾಡಿದ್ದೋ ಯಾರೂ ಕೇಳಿದವರಿಲ್ಲ. ಚೂರಿಯಣ್ಣನೂ ಅವನ ಜೊತೆಗಾರನೂ ಹಾಗೇ ಸರದಿ ಮಾಡಿಕೊಂಡಿದ್ದರು. ಜೊತೆಗಾರ ಕೆಲಸ ಬಿಟ್ಟು ಬೇರೆ ಊರಿಗೆ ಹೋದ. ಅವನ ಜಾಗಕ್ಕೆ ಬಂದವರೆಲ್ಲ ಕುರಿ ಕೂಗಿಸುವವರೇ. "ಸದ್ಯಕ್ಕೆ ನೀನೇ ನಿಂತುಕೋ," ಎಂದ ಮೇಸ್ತ್ರಿ. ಸದ್ಯ ಎನ್ನುವ ಮಾತಿಗೆ ಬಾಲ ಉದ್ದ. ಮಳೆಗಾಲ ಹೋಯಿತು, ಚಳಿಗಾಲ ಹೋಯಿತು, ಬೇಸಿಗೆ ಹೋಗಿ ಮತ್ತೆ ಮಳೆಗಾಲ ಬಂದರೂ ಸದ್ಯ ಮುಗಿಯಲಿಲ್ಲ. ಮೇಸ್ತ್ರಿಗೆ ಕೆಲಸ ಸಲೀಸಾಗಿತ್ತು, ಚೂರಿಯಣ್ಣನಿಗೆ ಹೆಮ್ಮೆಯಾಗಿತ್ತು. ನೀರಿನ ಪಾಳಿಯಲ್ಲಿ ಇದ್ದವರೆಲ್ಲ ಹೆಂಗಸರು, ವಯಸ್ಸಾದವರು. ಸೀರೆ ಎತ್ತಿ ಕಟ್ಟಿದವರ ಸಾಲಿನಲ್ಲಿ ಪೊರಕೆ ಹಿಡಿದು ನಿಲ್ಲುವುದು ತಪ್ಪಿದ್ದು ಅವನಿಗೆ ಬಡ್ತಿಯ ಹಾಗೇ ಕಂಡಿತ್ತು.

ಬಡಗಿಗೆ ಹೊಡೆದ ಸುದ್ದಿ ಮರುದಿನ ಕಸಾಯಿಖಾನೆಗೂ ಮುಟ್ಟಿತು. ಕೆಲಸ ಮುಗಿದು ಚೂರಿ ತೊಳೆಯುತ್ತಿದ್ದಾಗ ಮೇಸ್ತ್ರಿ ಬಂದು ಪಕ್ಕದಲ್ಲಿ ನಿಂತ.

"ಮಗಾ, ಈ ತಿಂಗಳು ನೀರಿಗೆ ಹೋಗ್ತೀಯೇನು?"

"ಯಾಕೆ, ನನ್ನ ಕೈಯಲ್ಲಿ ಯಾವ ಕುರಿ ಕೂಗ್ತು?"

"ಕುರಿ ವಿಷಯ ಅಲ್ಲ. ನಿನ್ನ ವಿಷಯ. ದಣಿದಿದ್ದೀಯ."

"ದಣಿದವನಿಗೆ ನಿದ್ದೆ ಬೇಕು. ಪೊರಕೆ ಯಾಕೆ? ಇಲ್ಲಿ ನಿಂತು ಬೆನ್ನು ಮುರ್ಕೊಂಡು ನೆಲ ಉಜ್ಜಿದರೆ ದಣಿವು ಹೋಗುತ್ತಾ? ಚೆನ್ನಾಗಿದೆ ನಿಮ್ಮ ಲೆಕ್ಕ."

"ನಿದ್ದೆ ಮೈಗೆ ಆಯ್ತಪ್ಪ. ಕೈಗೆ?"

ಚೂರಿಯಣ್ಣ ಕೈಯಲ್ಲಿದ್ದ ಚೂರಿಯನ್ನು ಮೇಸ್ತ್ರಿಯ ಕಿವಿಯ ಪಕ್ಕದಲ್ಲಿದ್ದ ಮರದ ಕಂಬಕ್ಕೆ ಬೀಸಿ ಒಗೆದ. ಅದು ಕಚ್ಚಿಕೊಂಡು ಅಲ್ಲಾಡುತ್ತ ನಿಂತಿತು. ಮೇಸ್ತ್ರಿ ಅಲ್ಲಾಡಲಿಲ್ಲ. ಆದರೆ ಆಮೇಲೆ ಆ ಮಾತನ್ನು ಎತ್ತಲೂ ಇಲ್ಲ. ಎತ್ತಬೇಕಿತ್ತು. ನಾಳೆ ಕುರಿ ಕೂಗಿದರೆ ಯಾರನ್ನು ನಿಲ್ಲಿಸಲಿ ಎನ್ನುವ ಚಿಂತೆಯೇ ಅವನಿಗೆ ದೊಡ್ಡದಾಯಿತು.

ಮನೆಯಲ್ಲಿ ಹೆಂಡತಿ ತನಗೆ ತಿಳಿದ ದಾರಿ ಹಿಡಿದಳು. ಕಿಟಕಿಗೆ ಕಪ್ಪು ಬಟ್ಟೆ ಹೊಲಿದು ಕಟ್ಟಿದಳು. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಬಾರದೆಂದು ಅದನ್ನು ಇಳಿಸಿ ಅಕ್ಕಿ ಡಬ್ಬಿಯಲ್ಲಿಟ್ಟಳು. ಕುಕ್ಕರ್ ಕೂಗದಂತೆ ಮಧ್ಯಾಹ್ನದ ಅಡುಗೆಯನ್ನೆಲ್ಲ ಅವನು ಬರುವುದಕ್ಕೆ ಮೊದಲೇ ಮುಗಿಸುತ್ತಿದ್ದಳು. ಮಗಳು ಪಾಠವನ್ನು ಬಾಯಿ ಅಲ್ಲಾಡಿಸಿ ಮಾತ್ರ ಓದುವುದನ್ನು ಕಲಿತಳು. ಡಾಕ್ಟರು ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, ನಾಲಗೆ ನೋಡಿ, ಮಲಗುವುದಕ್ಕೆ ಮಾತ್ರೆ ಬರೆದುಕೊಟ್ಟರು. ಬಡಗಿ ಹೆದರಿ ಸುತ್ತಿಗೆಯನ್ನು ಮುಟ್ಟುವುದನ್ನೇ ಬಿಟ್ಟ.

ಹಾಗಾಗಿ ಚೂರಿಯಣ್ಣನಿಗೆ ಬೇಕಾದಷ್ಟು ನಿದ್ದೆ ಸಿಕ್ಕಿತು. ಮಧ್ಯಾಹ್ನ ಮಲಗಿದರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದ, ಉಂಡು ಮತ್ತೆ ಮಲಗುತ್ತಿದ್ದ. ಭಾನುವಾರವಂತೂ ಹೆಣದ ಹಾಗೆ. ಆದರೆ ಕುಂಭಕರ್ಣ ಎದ್ದರೆ ಅವನಿಗೆ ಹಸಿವಾಗುತ್ತಿತ್ತಂತೆ, ಇವನಿಗೆ ಸಿಟ್ಟು ಬರುತ್ತಿತ್ತು. ಮಲಗುವ ಮುಂಚೆ ಇದ್ದುದಕ್ಕಿಂತ ಹೆಚ್ಚು ದಣಿದು ಏಳುತ್ತಿದ್ದ. ಸಾರಿಗೆ ಉಪ್ಪು ಕಮ್ಮಿಯಾಯಿತೆಂದು ತಟ್ಟೆ ಎಸೆದ. ಬಚ್ಚಲ ಬಾಗಿಲು ಅಂಟಿಕೊಂಡಿತೆಂದು ಒದ್ದು ಹಲಗೆ ಸೀಳಿದ. ಬೀದಿಯಲ್ಲಿ ಸುಮ್ಮನೆ ನೋಡಿದವನೊಬ್ಬನ ಹಿಂದೆ ಕಲ್ಲು ಹಿಡಿದು ಓಡಿದ. ಪ್ರತಿಸಲವೂ ಹೆಂಡತಿ, "ಪಾಪ, ಇನ್ನೂ ನಿದ್ದೆ ಸಾಲದು," ಎಂದು ಕಿಟಕಿಯ ಬಟ್ಟೆಯ ಮೇಲೆ ಇನ್ನೊಂದು ಬಟ್ಟೆ ಹೊಲಿದಳು.

ಒಂದು ವಿಷಯ ಅವಳು ಗಮನಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ನಿದ್ದೆಯಲ್ಲಿ ಅವನ ಬಲಗೈ ಮುಷ್ಟಿ ಬಿಗಿದಿರುತ್ತಿತ್ತು. ಒಮ್ಮೆ ಹೊದಿಕೆ ಸರಿಮಾಡುವಾಗ ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಲು ನೋಡಿದಳು. ಒಂದೂ ಬಿಚ್ಚಲಿಲ್ಲ. ಹಿಡಿಕೆ ಹಿಡಿದಂತೆಯೇ ಇದ್ದವು. ಅವಳಿಗೆ ಭಯವಾಯಿತು. ಭಯವನ್ನು ಮಡಿಸಿ ಹೊದಿಕೆಯ ಕೆಳಗೇ ಇಟ್ಟಳು.

ಅವಳು ತರಕಾರಿಗೆಂದು ಕೆಳಗಿಳಿದಿದ್ದ ಒಂದು ಮಧ್ಯಾಹ್ನ ಅದು ನಡೆಯಿತು. ಕಸಾಯಿಖಾನೆಯವನು ಎಷ್ಟು ಸ್ನಾನ ಮಾಡಿದರೂ ನೊಣಗಳಿಗೆ ವಿಳಾಸ ಗೊತ್ತಿರುತ್ತದೆ. ಕಪ್ಪು ಬಟ್ಟೆಯ ಅಂಚಿನಿಂದ ಒಂದು ನೊಣ ಒಳಗೆ ನುಗ್ಗಿ ಅವನ ಹಣೆಯ ಮೇಲೆ ಕೂತಿತು, ಮೂಗಿನ ಮೇಲೆ ಕೂತಿತು, ಕೊನೆಗೆ ಕತ್ತಿನ ಮೇಲೆ ಕೂತು ಅಲ್ಲೇ ನಡೆದಾಡತೊಡಗಿತು. ಬಾಗಿಲ ಬಳಿ ಪಾಠ ಓದುತ್ತಿದ್ದ ಮಗಳು ನೋಡಿದಳು. ಅಪ್ಪನಿಗೆ ಎಚ್ಚರವಾದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪುಸ್ತಕ ಕೆಳಗಿಟ್ಟು, ತುದಿಗಾಲಲ್ಲಿ ಬಂದು, ನೊಣವನ್ನು ಓಡಿಸಲು ಕೈ ಚಾಚಿದಳು. ನೊಣ ಹಾರಿತು. ಅವಳ ಬೆರಳ ತುದಿ ಅವನ ಕತ್ತಿಗೆ ತಾಗಿತು.

ಅವನಿಗೆ ಎಚ್ಚರವಾಗಲಿಲ್ಲ. ಕೈಗಳಿಗೆ ಮಾತ್ರ ಎಚ್ಚರವಾಯಿತು. ಎಡಗೈ ಅವಳ ದವಡೆಯ ಕೆಳಗೆ ಹೋಯಿತು, ಹೆಬ್ಬೆರಳು ಕಿವಿಯ ಹಿಂದೆ ಊರಿತು. ಅವಳನ್ನು ನೆಲಕ್ಕೆ ಕೆಡವಿ ಮೊಣಕಾಲು ಎದೆಯ ಮೇಲೆ ಬಿತ್ತು. ಭುಜದ ಹತ್ತಿರ ಏನೋ ಲಟಕ್ಕೆಂದಿತು. ಅವಳ ಮುಖ ಆಚೆ ತಿರುಗಿತು. ಬಲಗೈ ಬರಿಗೈ, ಆದರೂ ಅದು ತನ್ನ ಕೆಲಸ ಮಾಡಿತು. ಕೊರಳಿನ ಉದ್ದಕ್ಕೆ ಒಂದೇ ಎಳೆತ. ಹೆಬ್ಬೆರಳಿನ ಉಗುರು ಹೋದ ಕಡೆಯೆಲ್ಲ ಕೆಂಪು ಗೆರೆ ಎದ್ದಿತು.

ಮಗಳು ಕೂಗಲಿಲ್ಲ. ಅವನ ಕೈಯಲ್ಲಿ ಯಾವುದೂ ಕೂಗುತ್ತಿರಲಿಲ್ಲ.

ಹೆಂಡತಿ ಬಂದಾಗ ಆ ಕೈ ಎರಡನೆಯ ಸಲ ಎಳೆಯುತ್ತಿತ್ತು. ತರಕಾರಿ ಚೀಲ ಬಿತ್ತು. ಒಲೆಯ ಮೇಲಿದ್ದ ಕಬ್ಬಿಣದ ಕಾವಲಿ ಅವಳ ಕೈಗೆ ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. ಅವನ ತಲೆಗೆ ಹೊಡೆದಳು. ಅವನು ವಾಲಲಿಲ್ಲ. ಇನ್ನೊಮ್ಮೆ ಹೊಡೆದಳು, ಇಡೀ ಮೈಯ ಬಲ ಹಾಕಿ. ಹಣೆ ಒಡೆದು ರಕ್ತ ಕಣ್ಣಿಗಿಳಿದಾಗ ಅವನು ಕಣ್ಣು ತೆರೆದ. ತೆರೆದ ಕಣ್ಣಿಗೆ ಮೊದಲು ಕಂಡದ್ದು ತನ್ನ ಮೊಣಕಾಲು. ಆಮೇಲೆ ಅದರ ಕೆಳಗಿದ್ದ ಶಾಲೆಯ ಅಂಗಿ.

"ಏಯ್. ಇದೇನಾಯ್ತು? ಪುಟ್ಟಿ?"

"ಮುಟ್ಟಬೇಡ," ಎಂದಳು ಹೆಂಡತಿ. ಮದುವೆಯಾದ ದಿನದಿಂದ ಅವನಿಗೆ ನೀವು ಎನ್ನುತ್ತಿದ್ದವಳು. "ಕೈ ಹಿಂದೆ ತಗೋ. ಅವಳನ್ನ ಮುಟ್ಟಿದರೆ ಇದರಲ್ಲೇ ನಿನ್ನ ತಲೆ ಒಡೆದು ಹಾಕ್ತೀನಿ."

ಮಗಳನ್ನು ಎತ್ತಿಕೊಂಡು ಹೊರಗೆ ಬಂದವಳಿಗೆ ಯಾವ ಬಾಗಿಲು ತಟ್ಟುವುದೆಂದು ತಿಳಿಯಲಿಲ್ಲ. ಕೆಳಗಿನ ಮನೆಗೆ ಬೀಗ ಬಿದ್ದಿತ್ತು. ಮೇಲೆ ಹತ್ತಿದಳು. ಬಾಗಿಲು ತೆರೆದವನು ಬಡಗಿ. ಅವನ ತುಟಿಯ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಅವನು ಮಗುವಿನ ಭುಜ ನೋಡಿ, ಎರಡು ಮರದ ಪಟ್ಟಿ ಹುಡುಕಿ, ತಾನು ಮರ ಜೋಡಿಸುವಷ್ಟೇ ಹುಷಾರಾಗಿ ಅವಳ ಕೈಯನ್ನು ಅಲುಗದಂತೆ ಕಟ್ಟಿ, ಆಸ್ಪತ್ರೆಗೆ ಹೊತ್ತುಕೊಂಡು ನಡೆದ. ಕಾಲರ್ ಮೂಳೆ ಮುರಿದಿತ್ತು. ಕೊರಳಿನ ಗೆರೆ ಆಳವಿಲ್ಲ, ಚರ್ಮದ ಮೇಲಷ್ಟೇ ಎಂದರು ಡಾಕ್ಟರು.

ಸಂಜೆ ಮಗಳನ್ನು ಬಡಗಿಯ ಮನೆಯಲ್ಲಿ ಮಲಗಿಸಿ ಹೆಂಡತಿ ಬಟ್ಟೆ ತೆಗೆದುಕೊಳ್ಳಲು ಕೆಳಗೆ ಬಂದಳು. ಅವನು ಹಣೆಯ ರಕ್ತವನ್ನು ಒರೆಸಿಕೊಳ್ಳದೆ ಅದೇ ಜಾಗದಲ್ಲಿ ಗೋಡೆಗೆ ಒರಗಿ ಕೂತಿದ್ದ. ಎರಡು ಕೈಯನ್ನೂ ತೊಡೆಯ ಕೆಳಗೆ ಒತ್ತಿಕೊಂಡಿದ್ದ.

"ನಾನು ಬೇಕೂ ಅಂತ ಮಾಡಲಿಲ್ಲ."

"ಗೊತ್ತು. ಬೇಕು ಅಂತ ಮಾಡಿದ್ದರೆ ಬೇಡ ಅಂತ ಹೇಳಬಹುದಿತ್ತು," ಎಂದಳು. ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುರುಕಿದಳು. "ಕೇಳು. ನೀನು ಮಲಗೋ ಮನೆಯಲ್ಲಿ ನನ್ನ ಮಗಳು ಇನ್ನು ಇರಲ್ಲ. ನಿನ್ನ ಕೈ ನಿದ್ದೆ ಮಾಡೋದನ್ನ ಕಲಿತರೆ ಬಂದು ನೋಡ್ತೀನಿ. ಕಲೀಲಿಲ್ಲ ಅಂದರೆ ಇವಳ ಮೂಳೆ ಕೂಡಿದ ದಿನ ನಾವಿಬ್ಬರೂ ಊರು ಬಿಡ್ತೀವಿ. ಎಲ್ಲಿಗೆ ಅಂತ ನಿನಗೆ ಹೇಳಲ್ಲ."

ಆ ರಾತ್ರಿ ಅವನು ಮಲಗಲಿಲ್ಲ. ನಸುಕಿನಲ್ಲಿ ಕೆಲಸಕ್ಕೆ ಹೋದ, ಬೇರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದೆ. ಓಣಿಯಿಂದ ಮೊದಲ ಕುರಿ ಬಂತು. ಎಡಗೈ ದವಡೆಯ ಕೆಳಗೆ ಹೋಯಿತು, ಹೆಬ್ಬೆರಳು ಕಿವಿಯ ಹಿಂದೆ ಊರಿತು. ಆ ಕಿವಿಯ ಬಿಸಿ ಅವನ ಹೆಬ್ಬೆರಳಿಗೆ ತಿಳಿಯಿತು. ಇಷ್ಟು ವರ್ಷಗಳಲ್ಲಿ ಅದು ತಿಳಿದಿರಲೇ ಇಲ್ಲ. ಚೂರಿ ಅರ್ಧಕ್ಕೆ ನಿಂತಿತು.

ಕುರಿ ಕೂಗಿತು. ಸೀಳಿದ ಕೊರಳಿನಿಂದ ಬಂದ ಆ ಕೂಗು ಕೂಗಿನ ಹಾಗಿರಲಿಲ್ಲ. ಅದು ಅವನ ಮೊಣಕಾಲನ್ನು ಒದ್ದು ಎದ್ದು, ರಕ್ತ ಚಿಮ್ಮಿಸುತ್ತ ಸುಲಿಯುವವರ ನಡುವೆ ನುಗ್ಗಿತು, ಜಾರಿ ಬಿತ್ತು, ಮತ್ತೆ ಎದ್ದಿತು. ಕೊಕ್ಕೆಗಳು ಒಂದಕ್ಕೊಂದು ಬಡಿದು ಗಣಗಣ ಎಂದವು. ಓಣಿಯಲ್ಲಿದ್ದವು ಬೆದರಿ ಗೋಡೆ ಹತ್ತತೊಡಗಿದವು. ಒಂದು ಕುರಿ ಇನ್ನೊಂದರ ಕಾಲ ಕೆಳಗೆ ಸಿಕ್ಕಿ ಬೆನ್ನು ಮುರಿದುಕೊಂಡಿತು. ಮೇಸ್ತ್ರಿ ತಾನೇ ಓಡಿ ಬಂದು, ತೊಡೆಯಿಂದ ಅದುಮಿ ಹಿಡಿದು ಅರ್ಧ ಕೊಯ್ದ ಕುರಿಯ ಪ್ರಾಣ ತೆಗೆಯಬೇಕಾಯಿತು. ಅವನ ಬಿಳಿ ಗಡ್ಡವೆಲ್ಲ ಕೆಂಪಾಯಿತು. ಚೂರಿಯಣ್ಣ ನಿಂತಲ್ಲೇ ನಿಂತಿದ್ದ. ಯಾರೋ ಅವನ ಕೈಯಿಂದ ಚೂರಿ ಬಿಡಿಸಿಕೊಂಡರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

"ನೀರಿಗೆ ಹೋಗ್ತೀನಿ," ಎಂದ ಅವನು.

"ಹೋಗು," ಎಂದ ಮೇಸ್ತ್ರಿ, ಗಡ್ಡ ಒರೆಸಿಕೊಳ್ಳುತ್ತ. "ನಾನೇ ಕಳಿಸಬೇಕಿತ್ತು. ಅವತ್ತೇ ಕುತ್ತಿಗೆ ಹಿಡಿದು ಕಳಿಸಬೇಕಿತ್ತು." ಮುಂದಿನ ಕುರಿಗೆ ಅವನೇ ನಿಂತ. ವಯಸ್ಸಾದ ಕೈ, ಅಂದು ಕುರಿಗಳು ಕೂಗಿದವು.

ನೀರಿನ ಹೆಂಗಸರು ಅವನನ್ನು ಸುಮ್ಮನೆ ಬಿಡಲಿಲ್ಲ. "ಬನ್ನಿ ಯಜಮಾನರೇ, ಪ್ಯಾಂಟು ಎತ್ತಿ ಕಟ್ಟಿ. ನಮ್ಮ ಸೀರೆ ನೋಡಿ ಕಲಿತುಕೊಳ್ಳಿ," ಎಂದು ನಕ್ಕರು. ಅವನ ಮುಖ ನೋಡಿದ ಮೇಲೆ ನಗು ತಾನಾಗಿ ಕಡಿಮೆಯಾಯಿತು. ಎಲ್ಲರಿಗಿಂತ ಹಿರಿಯವಳೊಬ್ಬಳಿದ್ದಳು, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವಳು ಅವನ ಕೈಗೆ ಉದ್ದ ಹಿಡಿಯ ಪೊರಕೆ ಕೊಟ್ಟು, "ಹಿಂಡಬೇಡ ಅದನ್ನ. ಅದರ ಕತ್ತು ಯಾಕೆ ಹಿಸುಕ್ತೀಯ? ಅಂಗೈಯಲ್ಲಿ ತಳ್ಳು, ಸಾಕು. ನೀರೇ ಕರ್ಕೊಂಡು ಹೋಗುತ್ತೆ," ಎಂದಳು.

ಹಿಂದೆ ಸರದಿಯಲ್ಲಿ ಮಾಡಿದ ಕೆಲಸವೇ, ಆದರೆ ಈಗ ಕೈಗೆ ಮರೆತುಹೋಗಿತ್ತು. ಪೊರಕೆಯ ಹಿಡಿಯನ್ನು ಚೂರಿ ಹಿಡಿದಂತೆ ಹಿಡಿದು ಹಿಡಿದು ಅಂಗೈಯಲ್ಲಿ ಬೊಬ್ಬೆಗಳೆದ್ದು ಒಡೆದವು. ಪಾಳಿ ಮುಗಿಯುವ ಹೊತ್ತಿಗೆ ಸೊಂಟ ಬಿದ್ದುಹೋಯಿತು. ಮೊದಲ ಚೂರಿಯಾಗಿ ನಿಂತಾಗ ಇಂಥ ನೋವು ಇರಲೇ ಇಲ್ಲ. ಇದನ್ನು ವಿಶ್ರಾಂತಿ ಎಂದವನ ಬಾಯಿಗೆ ಮಣ್ಣು ಹಾಕಬೇಕು ಎಂದುಕೊಂಡ. ದೊಡ್ಡಕ್ಕ ಬಗ್ಗಿ ಚರಂಡಿಯ ಜಾಲರಿ ಎತ್ತುವಾಗ ಅವಳ ಸೆರಗು ಜಾರಿತು. ಕೊರಳಿನ ಬುಡದಿಂದ ಭುಜದವರೆಗೆ ಒಂದು ಹಳೆಯ ಗೆರೆ. ವರ್ಷಗಳಿಂದ ನೋಡಿದ್ದ ಅದನ್ನು ಅವನು ಸುಟ್ಟ ಗಾಯ ಎಂದುಕೊಂಡಿದ್ದ. ಅವಳ ಗಂಡ ಒಂದು ಕಾಲಕ್ಕೆ ಇಲ್ಲೇ ಮೊದಲ ಚೂರಿಯಾಗಿದ್ದವನು.

"ದೊಡ್ಡಕ್ಕ, ಅದು..."

"ನನ್ನ ಗಂಡನೂ ಚೆನ್ನಾಗಿ ನಿದ್ದೆ ಮಾಡ್ತಿದ್ದ," ಎಂದಳು ಅವಳು, ಸೆರಗು ಎಳೆದುಕೊಳ್ಳುತ್ತ. "ಅವನು ದಿಂಬಿನ ಕೆಳಗೆ ನಿಜವಾದ ಚೂರಿ ಇಟ್ಟುಕೊಳ್ತಿದ್ದ. ಆಮೇಲೆ ಈ ಸರದಿ ಶುರು ಮಾಡಿದ್ರು. ಆ ಮೂಲೆ ಬಿಟ್ಟೆ ನೋಡು, ಉಜ್ಜು."

ಅವನು ಆ ಮೂಲೆ ಉಜ್ಜಿದ.

ಮೊದಲ ವಾರದ ಕೊನೆಗೆ ಅವನು ಮೇಲಿನ ಮನೆಯ ಬಾಗಿಲ ಬಳಿ ಹೋಗಿ, ಒಳಗೆ ಕಾಲಿಡದೆ, "ಕೈ ನಿದ್ದೆ ಕಲಿತಿದೆಯಾ, ಒಂದು ಸಲ ನೋಡ್ತೀಯಾ?" ಎಂದು ಹೆಂಡತಿಯನ್ನು ಕೇಳಿದ. ಹೇಗೆ ನೋಡುವುದು? ಮಲಗಿದವನನ್ನು ಯಾರ ಕೈಯಿಂದ ಮುಟ್ಟಿಸುವುದು? ಬಡಗಿಯೇ ಉಪಾಯ ಹೇಳಿದ. ಹೋದ ಹಲ್ಲಿನ ಜಾಗದಿಂದ ಗಾಳಿ ಬಿಡುತ್ತ, "ಅಕ್ಕಾ, ನನ್ನ ಹತ್ತಿರ ಉದ್ದದೊಂದು ಮರದ ಪಟ್ಟಿ ಇದೆ. ಹುಲಿಗೆ ಊಟ ಕೊಡೋರು ದೂರದಿಂದ ತಾನೇ ಕೊಡೋದು," ಎಂದ.

ಮಧ್ಯಾಹ್ನ ಅವನು ಬಾಗಿಲು ತೆರೆದಿಟ್ಟು ನೆಲದ ಮೇಲೆ ಮಲಗಿದ. ನಿದ್ದೆ ಹತ್ತಿದ ಮೇಲೆ ಹೆಂಡತಿ ಹೊಸ್ತಿಲಾಚೆ ನಿಂತು, ಎಡಗೈಯಲ್ಲಿ ಕಾವಲಿ ಹಿಡಿದು, ಬಲಗೈಯಿಂದ ಪಟ್ಟಿಯನ್ನು ಚಾಚಿ ಅವನ ಕತ್ತು ಮುಟ್ಟಿದಳು. ಕಣ್ಣು ಮುಚ್ಚಿಕೊಂಡೇ ಅವನು ಅದನ್ನು ಹಿಡಿದು, ತಿರುಚಿ, ಮೊಣಕಾಲಿಗೆ ಹಾಕಿ ಲಟ್ಟನೆ ಮುರಿದ. ಮುರಿದ ತುಂಡು ಹಾರಿ ಬಂದು ಅವಳ ಕಿವಿಯ ಪಕ್ಕದ ಗೋಡೆಗೆ ಬಡಿಯಿತು. ಎದ್ದು ಕೂತವನು ಕೈಯಲ್ಲಿದ್ದ ತುಂಡನ್ನು ನೋಡಿದ, ಅವಳನ್ನು ನೋಡಿದ. ಅವಳು ಮೇಲೆ ಹತ್ತಿ ಹೋದಳು. ಅವನು ಮುಖ ಮುಚ್ಚಿಕೊಂಡು ಅತ್ತ. ಗಂಡಸು, ಮೊದಲ ಚೂರಿ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಅತ್ತ.

ಎರಡನೆಯ ಪಟ್ಟಿಯೂ ಮುರಿಯಿತು. ಮೂರನೆಯದನ್ನು ಅವನು ಕಿತ್ತುಕೊಂಡು ಹೊಸ್ತಿಲವರೆಗೆ ತೆವಳಿ ಬಂದ. ಹೆಂಡತಿ ಕಾವಲಿ ಬೀಸಿದಳು, ಮುಂಗೈಗೆ ಬಿತ್ತು. ಊದಿದ ಮುಂಗೈಯಲ್ಲೇ ಮರುದಿನ ಪೊರಕೆ ಹಿಡಿದ. ನೋವಿಗೆ ಬಿಗಿಯಾಗಿ ಹಿಡಿಯಲಾಗಲಿಲ್ಲ. ಅಂಗೈಯಿಂದ ತಳ್ಳಿದ. ರಕ್ತ ಬೆರೆತ ನೀರು ತಾನಾಗಿ ಇಳಿಜಾರಿನ ಕಡೆ ಹೋಯಿತು. ಅವನು ಅದರ ಹಿಂದೆ ನಡೆದ. ಕೆಂಪು ಗುಲಾಬಿಯಾಯಿತು, ಗುಲಾಬಿ ಬರೀ ನೀರಾಯಿತು, ಕೆಳಗೆ ಸಿಮೆಂಟು ಕಂಡಿತು. ಅಲ್ಲಿ ನೆಲಕ್ಕೆ ಒಂದು ಬಣ್ಣವಿತ್ತೆಂದು ಅವನು ನೆನಪು ಮಾಡಿಕೊಂಡ.

ಮೇಲೆ, ಮಗಳು ಕೊರಳಿಗೆ ಕೈ ತೂಗುಹಾಕಿಕೊಂಡು ಬಡಗಿಯ ಪಕ್ಕದಲ್ಲಿ ಕೂರುತ್ತಿದ್ದಳು. ಒಂದು ಮಧ್ಯಾಹ್ನ ಪೆನ್ಸಿಲ್ ಡಬ್ಬಿ ತೆರೆದು, "ಮಾಮ, ತಗೊಳ್ಳಿ. ನಿಮ್ಮದೇ ಇದು," ಎಂದು ಹಲ್ಲು ಕೊಟ್ಟಳು. ಬಡಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇನ್ನು ಬಾಯಿಗೆ ಹಾಕೋಕಾಗಲ್ಲ ಕಣಮ್ಮ. ಗೂಡಲ್ಲಿ ಇಡೋಣ. ಯಾವುದಾದರೂ ದಡ್ಡ ಪಾರಿವಾಳ ಮೊಟ್ಟೆ ಅಂತ ಕಾವು ಕೂರುತ್ತೆ." ಆದರೆ ಗೂಡೆಲ್ಲಿತ್ತು? ಅವನು ಅವಳ ಮುಖ ನೋಡಿ, ಬಹಳ ದಿನಗಳ ಮೇಲೆ ಸುತ್ತಿಗೆ ಎತ್ತಿಕೊಂಡ. ಮೊಳೆಯನ್ನು ಅವಳು ಒಳ್ಳೆಯ ಕೈಯಿಂದ ಹಿಡಿದು ಕೊಟ್ಟಳು. ಮೊದಲ ಏಟು ಬಿದ್ದಾಗ ಒಳಗಿದ್ದ ಹೆಂಡತಿ ಬಾಗಿಲಿಗೆ ಓಡಿ ಬಂದು ಮೆಟ್ಟಿಲಿನತ್ತ ಕಿವಿಗೊಟ್ಟಳು.

ಕೆಳಗಿಂದ ಯಾರೂ ಬರಲಿಲ್ಲ. ಇನ್ನೊಂದು ಏಟು, ಮತ್ತೊಂದು ಏಟು.

ಅವಳು ಕಾವಲಿಯನ್ನೂ ಮರದ ಪಟ್ಟಿಯನ್ನೂ ಎತ್ತಿಕೊಂಡು ಕೆಳಗಿಳಿದಳು. ಹಿಂದೆಯೇ ಮಗಳು ಬಂದಳು. "ನೀನು ಮೇಲೇ ಇರು," ಎಂದರೂ ಕೇಳಲಿಲ್ಲ. ಬಾಗಿಲು ತೆರೆದೇ ಇತ್ತು. ಕಿಟಕಿಯ ಕಪ್ಪು ಬಟ್ಟೆ ಇರಲಿಲ್ಲ, ಬಿಸಿಲು ನೇರ ಅವನ ಮುಖದ ಮೇಲೆ ಬಿದ್ದಿತ್ತು. ಮೇಲಿಂದ ಸುತ್ತಿಗೆಯ ಏಟಿಗೆ ಸೂರಿನ ಸುಣ್ಣ ಪುಡಿಪುಡಿಯಾಗಿ ಉದುರಿ ಅವನ ಕೂದಲ ಮೇಲೆ ಬೀಳುತ್ತಿತ್ತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಇವನಿಗೆ ಚಿಂತೆ ತಲೆಯಷ್ಟೆತ್ತರ ಇತ್ತು. ಆದರೂ ಬಾಯಿ ತೆರೆದು ಮಲಗಿದ್ದ. ಊದಿದ ಮುಂಗೈಯ ಆಚೆ ಬಲಗೈಯ ಬೆರಳುಗಳು ಬಿಚ್ಚಿಕೊಂಡು, ಒಡೆದ ಬೊಬ್ಬೆಗಳ ಅಂಗೈ ಮೇಲ್ಮುಖವಾಗಿ ಬಿದ್ದಿತ್ತು.

ಹೆಂಡತಿ ಪಟ್ಟಿಯನ್ನು ಚಾಚಲು ಹೋದಳು. ಮಗಳು ಅದನ್ನು ಹಿಡಿದುಕೊಂಡಳು.

"ಬೇಡ ಪುಟ್ಟಿ."

"ನಾನು."

ಅವಳ ಕೊರಳಿನ ಗೆರೆ ಮಾಸಿದ್ದರೂ ಉಗುಳು ನುಂಗುವಾಗ ಕಾಣುತ್ತಿತ್ತು. ಹೊಸ್ತಿಲಾಚೆಯೇ ಕೂತು, ಒಂದೇ ಕೈಯಿಂದ ಉದ್ದದ ಪಟ್ಟಿಯನ್ನು ನೆಲದ ಮೇಲೆ ಮೆಲ್ಲಗೆ ಮುಂದೆ ತಳ್ಳಿದಳು. ತುದಿ ಅವನ ಕತ್ತಿನ ಕಡೆ ಹೊರಟದ್ದು ತಪ್ಪಿ ಅಂಗೈಯ ಮೇಲೆ ಬಂದು ನಿಂತಿತು. ಹೆಂಡತಿ ಕಾವಲಿ ಎತ್ತಿದಳು.

ಬೆರಳುಗಳು ಮುಚ್ಚಿಕೊಂಡವು. ಪಟ್ಟಿಯ ತುದಿ ಅವನ ಮುಷ್ಟಿಯಲ್ಲಿ ಸೇರಿಹೋಯಿತು. ಈ ತುದಿಯನ್ನು ಮಗಳು ಬಿಡಲಿಲ್ಲ. ಅವನು ಎಳೆಯಲಿಲ್ಲ, ತಿರುಚಲಿಲ್ಲ. ಮಗ್ಗುಲಾದ, ಏನೋ ಗೊಣಗಿದ, ಮತ್ತೆ ಗೊರಕೆ ಶುರುವಾಯಿತು.

ಮೇಲೆ ಬಡಗಿ ಇನ್ನೊಂದು ಮೊಳೆ ಹೊಡೆಯುತ್ತಿದ್ದ. ಹೆಂಡತಿ ಕಾವಲಿ ಎತ್ತಿಕೊಂಡೇ ಇದ್ದಳು. ಪಟ್ಟಿಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ಹೊಸ್ತಿಲಾಚೆ ಮಗಳ ಕೈಯಲ್ಲಿ. ಅವನ ಉಸಿರು ಬಂದು ಹೋದ ಹಾಗೆಲ್ಲ ಪಟ್ಟಿ ಒಂದಿಷ್ಟು ಏಳುತ್ತಿತ್ತು, ಒಂದಿಷ್ಟು ಇಳಿಯುತ್ತಿತ್ತು.